ಕನ್ನಡಕ ತೆಗೆದರೂ ಕಾಣುವ ಚಿತ್ರ

ಭಾನುವಾರ ಬೆಳಿಗ್ಗೆ ಮಗಳ ಬಾಯಿಗೆ ತುತ್ತಿಡುತ್ತಿದ್ದರೂ ನನ್ನ ಕಣ್ಣು ಪಕ್ಕದಲ್ಲಿದ್ದ ಫೋನಿನ ಮೇಲೆಯೇ. ನನಗೆ ಚಿಂತೆಗಳಿಗೇನೂ ಬರವಿಲ್ಲ. ಫ್ಯಾನು ಕಿರ್ರೆಂದರೆ ಕಳಚಿ ಬೀಳುತ್ತದೆ ಅನ್ನಿಸುತ್ತದೆ, ಮಗು ಕೆಮ್ಮಿದರೆ ಗಂಟಲಲ್ಲಿ ಗುಂಡಿ ಸಿಕ್ಕಿಕೊಂಡಿದೆ ಅನ್ನಿಸುತ್ತದೆ. ಅವೆಲ್ಲ ಬಂದ ದಾರಿಯಲ್ಲೇ ಹೋಗುತ್ತವೆ. ಇದೊಂದು ಮಾತ್ರ ಗುರುವಾರದಿಂದ ಜಾಗ ಬಿಟ್ಟು ಕದಲಿರಲಿಲ್ಲ: ನನ್ನಿಂದಾಗಿ ನಾದಿನಿಯ ಕೆಲಸ ಹೋದರೆ?

ನಾದಿನಿಯನ್ನು ನಮ್ಮ ಮನೆಯಲ್ಲಿ ಎಲ್ಲರೂ ಕರೆಯುವುದು ಕತ್ತರಿ ಎಂದು. ಚಿಕ್ಕವಳಿದ್ದಾಗ ಕೈಗೆ ಸಿಕ್ಕ ಚಿತ್ರವನ್ನೆಲ್ಲ ಕತ್ತರಿಸುತ್ತಿದ್ದಳಂತೆ. ಒಮ್ಮೆ ಅತ್ತೆ ಮಾವನ ಮದುವೆಯ ಫೋಟೋದಿಂದ ಅತ್ತೆಯನ್ನಷ್ಟೇ ನೀಟಾಗಿ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದಳು. ಯಾಕೆ ಹೀಗೆ ಮಾಡಿದೆ ಎಂದು ಗದರಿದ್ದಕ್ಕೆ, "ಅಮ್ಮನೇ ಚೆನ್ನಾಗಿ ಕಾಣೋದು. ಅಪ್ಪ ಸುಮ್ನೆ ಜಾಗ ತಿಂತಿದ್ರು" ಎಂದಳಂತೆ. ಮಾವ ಈಗಲೂ ನೆಂಟರಿಗೆ ಇದನ್ನು ಹೇಳಿಕೊಂಡು ನಗುತ್ತಾರೆ. ಅತ್ತೆ ನಗುವುದಿಲ್ಲ, ಆದರೆ ಆ ತುಂಡನ್ನು ಇವತ್ತಿನವರೆಗೂ ಕಿತ್ತಿಲ್ಲ.

ಓದು ಮುಗಿಸಿ ಅವಳು ಸೇರಿದ್ದು ಬ್ಯಾನರ್ ಮುದ್ರಿಸುವ ಅಂಗಡಿಗೆ. ಅಲ್ಲಿ ಗೋಡೆಯಷ್ಟು ಅಗಲದ ಚಿತ್ರ ಮಾಡುತ್ತಿದ್ದವಳು ಈಗ ಮಾಡುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದನ್ನು. ಬೆಡ್‌ಶೀಟು, ಹೊದಿಕೆ, ಪರದೆಗಳ ಅಂಗಡಿಯೊಂದು ವಾರವಾರ ಮೊಬೈಲಿನಲ್ಲಿ ಲೈವ್ ಶೋ ಮಾಡಿ ಮಾರುತ್ತದೆ. ಶೋಗೆ ಬರುವ ಮುಂಚೆ ಜನರ ಕಣ್ಣಿಗೆ ಬೀಳುವುದು ಒಂದು ಪುಟ್ಟ ಚಿತ್ರ, ತಂಬ್‌ನೇಲ್. ಅದು ಹಿಡಿಸಿದರೆ ಒತ್ತಿ ಒಳಗೆ ಬರುತ್ತಾರೆ, ಇಲ್ಲದಿದ್ದರೆ ಬೆರಳು ಮುಂದಕ್ಕೆ ಜಾರುತ್ತದೆ. ಆ ಬೆರಳನ್ನು ನಿಲ್ಲಿಸುವುದೇ ಕತ್ತರಿಯ ಕೆಲಸ. ಅಂಗಡಿಯ ಗೋದಾಮಿನಲ್ಲಿ ಬೆಡ್‌ಶೀಟಿನ ಮೂಟೆಗಳೇ ಅವಳ ಮೇಜು, ಕುರ್ಚಿ.

ಮೊದಲ ಶೋನಲ್ಲೇ ಎಡವಿದ್ದಳು. ಒಂಬೈನೂರ ತೊಂಬತ್ತೊಂಬತ್ತು ಎಂದು ಬೆಲೆಯನ್ನು ದಪ್ಪ ಅಂಕಿಗಳಲ್ಲಿ ಬಲಗಡೆಯ ಕೆಳಮೂಲೆಗೆ ಹಾಕಿದ್ದಳು. ಶೋ ಶುರುವಾದೊಡನೆ 'ಲೈವ್' ಎಂಬ ಕೆಂಪು ಪಟ್ಟಿ ಬಂದು ಕೂರುವುದು ಅದೇ ಮೂಲೆಯಲ್ಲಿ. ಅದು ಎರಡು ಅಂಕಿಗಳನ್ನು ನುಂಗಿತು. ಉಳಿದದ್ದು ಒಂದೇ ಒಂಬತ್ತು. ಒಂಬತ್ತಕ್ಕೆ ಡಬಲ್ ಬೆಡ್‌ಶೀಟು ಎಂದು ಜನ ನುಗ್ಗಿದರು, ಶೋ ನಡೆಸುವ ಆಂಕರ್ ಬೆವರೊರೆಸಿಕೊಳ್ಳುತ್ತಾ ಉತ್ತರ ಹೇಳಿದಳು. "ಜನರನ್ನ ಕರೆಸೋದ್ರಲ್ಲಿ ಮಾತ್ರ ನಿನ್ನ ಬಿಟ್ಟರಿಲ್ಲಮ್ಮ" ಎಂದು ಓನರ್ ಹಲ್ಲು ಕಡಿದರಂತೆ. ಅಂದಿನಿಂದ ಆ ಮೂಲೆಯಲ್ಲಿ ಕತ್ತರಿ ಒಂದು ಚುಕ್ಕೆಯನ್ನೂ ಇಡುವುದಿಲ್ಲ.

ಮಾಡಿದ ಪ್ರತಿ ಚಿತ್ರವನ್ನೂ ಮೊದಲು ತರುವುದು ನನ್ನ ಅಡುಗೆಮನೆಗೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿ, "ಅತ್ತಿಗೆ, ಕನ್ನಡಕ ತೆಗೀರಿ. ಈಗ ಹೇಳಿ, ಏನು ಕಾಣ್ತಿದೆ?" ಎನ್ನುತ್ತಾಳೆ.

"ಏನೋ ಹಳದಿ ಮುದ್ದೆ."

"ಹಾಗಾದ್ರೆ ದಂಡ" ಎಂದು ಅಲ್ಲೇ ನೆಲದ ಮೇಲೆ ಕೂತು ತಿದ್ದುತ್ತಾಳೆ. ನನ್ನ ಮಂದ ಕಣ್ಣು ಒಬ್ಬರ ಕೆಲಸಕ್ಕಾದರೂ ಬಂತಲ್ಲ ಎಂದು ಗಂಡ ಛೇಡಿಸುತ್ತಾರೆ.

ಗುರುವಾರ ಅವಳು ಚಿತ್ರ ತಂದಿರಲಿಲ್ಲ. ಈ ವಾರ ಮಕ್ಕಳ ಹೊದಿಕೆಯ ಶೋ. ಅವಳ ಫೋನಿನ ಪರದೆಯ ಮೇಲೆ ಬಾಯಿ ತೆರೆದು ಮಲಗಿದ್ದ ನನ್ನ ಮಗಳ ಫೋಟೋವನ್ನು ಓನರ್ ನೋಡಿ, ಇದನ್ನೇ ಹಾಕು ಎಂದಿದ್ದರು. ಅದನ್ನು ಕೇಳಲು ಬಂದಿದ್ದಳು. ಒಮ್ಮೆ ಹೊರಗೆ ಹೋದ ಚಿತ್ರ ಯಾರ್‍ಯಾರ ಕೈಗೆ ಹೋಗುತ್ತದೋ ಎಂದು ನನಗೆ ಭಯವಾಯಿತು.

"ನಿಮ್ಮಣ್ಣನ್ನ ಒಂದ್ಮಾತು ಕೇಳಿ ಹೇಳ್ತೀನಿ ಕಣೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಬಿಡಿ ಅತ್ತಿಗೆ. ನಿಮ್ಮ ಮುಖ ರಸ್ತೆ ಆಚೆಯಿಂದಲೂ ಓದಬಹುದು. ಬೇಡ ಅಂದ್ರೆ ಬೇಡ."

ಆಮೇಲೆ ನಡೆದದ್ದನ್ನು ಅವಳು ನನಗೆ ಹೇಳಲಿಲ್ಲ. ಅತ್ತೆಯಿಂದ ಕೇಳಿ ಗಂಡ ಬಂದು ಹೇಳಿದರು. ನನ್ನ ಮಗಳದ್ದಲ್ಲದಿದ್ದರೆ ಇಂಟರ್‌ನೆಟ್ಟಿನಿಂದ ಬೇರೆ ಯಾವುದಾದರೂ ಮಗುವಿನ ಫೋಟೋ ಎತ್ತಿಕೋ ಎಂದರಂತೆ ಓನರ್. "ಅದೂ ಯಾರದೋ ಮನೆ ಮಗುವೇ ಅಲ್ವಾ ಸಾರ್?" ಎಂದಳಂತೆ ಕತ್ತರಿ. ಮಗುವಿನ ಮುಖವೇ ಇಲ್ಲದೆ ಜನ ಬರದಿದ್ದರೆ ಮುಂದಿನ ವಾರದಿಂದ ಈ ಕೆಲಸ ಹೊರಗಿನ ಕಂಪನಿಗೆ ಎಂದು ಅವರೂ ಕಡ್ಡಿ ಮುರಿದಂತೆ ಹೇಳಿದ್ದರು.

ಶುಕ್ರವಾರ ಕತ್ತರಿ ಬಂದು ಮಗಳ ಬಟ್ಟೆಯ ಮೊಲವನ್ನು ಎರಡು ದಿನದ ಮಟ್ಟಿಗೆ ಕೇಳಿದಳು. ಮಗಳು ಕಚ್ಚಿ ಕಚ್ಚಿ ಒಂದು ಕಿವಿಯ ತುದಿ ನಾರಾಗಿದ್ದ ಮೊಲ ಅದು. ಯಾಕೆಂದು ಕೇಳದೆ ತೆಗೆದುಕೊಟ್ಟೆ. ಮಗಳು ಅತ್ತು ಮನೆ ಮೇಲೆ ಕೆಳಗೆ ಮಾಡಿದಳು. ಶನಿವಾರ ಕತ್ತರಿ ಚಿತ್ರ ತೋರಿಸಲು ಬರಲೂ ಇಲ್ಲ, ಫೋನೂ ಮಾಡಲಿಲ್ಲ. ನಾನೇ ಮಾಡೋಣವೆಂದು ಅದೆಷ್ಟೋ ಸಲ ಫೋನ್ ಎತ್ತಿ ಕೆಳಗಿಟ್ಟೆ. ಏನೆಂದು ಕೇಳುವುದು? ನನ್ನಿಂದ ನಿನ್ನ ಕೆಲಸ ಹೋಯಿತಾ ಎಂದೇ?

ಭಾನುವಾರ ಕೊನೆಗೂ ಚಿತ್ರ ಫೋನಿನಲ್ಲಿ ಮೂಡಿತು. ನಾನೇ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಬಾಗಿಲ ತನಕ ಹೋಗಿ ನಿಂತು, ಕನ್ನಡಕ ತೆಗೆದೆ. ಕಡುನೀಲಿ ಹೊದಿಕೆ, ಅದರ ನಡುವೆ ಪುಟ್ಟದೊಂದು ಉಬ್ಬು, ಅಂಚಿನಲ್ಲಿ ಬೆಳ್ಳಗೆ ಹೊರಗೆ ಇಣುಕಿದ ಒಂದು ಕಿವಿ. ಮೇಲೆ ದಪ್ಪ ಅಕ್ಷರಗಳು: 'ಶ್, ಈಗಷ್ಟೇ ಮಲಗಿದೆ.' ಬಲಗಡೆಯ ಕೆಳಮೂಲೆ ಖಾಲಿ. ನನಗೆ ಅರಿವಿಲ್ಲದೆಯೇ ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದುಬಿಟ್ಟಿದ್ದೆ.

ನನ್ನ ಕೈಯಿಂದ ಬಾಗಿಲನ್ನೇ ಎಳೆಸಿದ ಚಿತ್ರ ಇನ್ನೆಷ್ಟು ತಾಯಂದಿರ ಬೆರಳನ್ನು ತಡೆಯಲಿಕ್ಕಿಲ್ಲ! ಶೋ ಶುರುವಾಯಿತು. ನೋಡುವವರ ಸಂಖ್ಯೆ ಹಾಲುಕ್ಕಿದ ಹಾಗೆ ಏರಿತು. ಎಲ್ಲರದ್ದೂ ಒಂದೇ ಪ್ರಶ್ನೆ: ಒಳಗೆ ಯಾರು? ಆಂಕರ್ ಕಾಡಿಸಿ ಕಾಡಿಸಿ ಕೊನೆಗೆ ಹೊದಿಕೆ ಸರಿಸಿದಳು. ಮೊಲವನ್ನು ಕಂಡು ನನ್ನ ಮಗಳು ಪರದೆಗೆ ಮುತ್ತಿಟ್ಟಳು. ನೀಲಿ ಹೊದಿಕೆ ಮುಗಿಯಿತು, ಇನ್ನು ಹಸಿರು ಮಾತ್ರ ಇದೆ, ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಎಂದಳು ಆಂಕರ್.

ಫೋನ್ ಮಾಡಿದೆ. ತುಂಬ ಹೊತ್ತು ಲೈನ್ ಬ್ಯುಸಿ. ಮತ್ತೆ ಮತ್ತೆ ಒತ್ತಿದ ಮೇಲೆ ರಿಂಗ್ ಆಯಿತು.

"ಹೇಳಿ ಮೇಡಂ, ಯಾವ ಬಣ್ಣ?" ಕತ್ತರಿಯದೇ ದನಿ, ಉಸಿರು ಬಿಡಲೂ ಪುರುಸೊತ್ತಿಲ್ಲದವಳಂತೆ. ಆರ್ಡರ್ ಬರೆದುಕೊಳ್ಳಲು ಅವಳನ್ನೂ ಕೂರಿಸಿದ್ದರೇನೋ.

"ಬಣ್ಣ ಬೇಡ. ಮೊಲದ ಮಾಲೀಕರ ಅಮ್ಮ ಮಾತಾಡ್ತಿರೋದು."

ಅವಳ ಹಿಂದಿನಿಂದ ಓನರ್ ಯಾರಿಗೋ, "ಮುಂದಿನ ವಾರದ್ದನ್ನೂ ಇವಳಿಗೇ ಹೇಳಿಬಿಡು" ಎನ್ನುವುದು ಕೇಳಿಸಿತು.

"ಅತ್ತಿಗೆ" ಎಂದಳು ಮೆಲ್ಲಗೆ, "ಕನ್ನಡಕ ತೆಗೆದು ನೋಡಿದ್ರಾ?"

"ನೋಡಿದೆ ಕಣೇ. ಎಲ್ಲಾ ಕಂಡಿತು."