ಅಕ್ಕನ ತೋರುಬೆರಳು

ಚಳಿ ಬಿಡುವ ಕಾಲ ಬಂತೆಂದರೆ ನಮ್ಮಕ್ಕನನ್ನು ಹಿಡಿದು ನಿಲ್ಲಿಸುವವರಿಲ್ಲ. ಮರಗಳಲ್ಲಿ ಇನ್ನೂ ಸರಿಯಾಗಿ ಚಿಗುರು ಕಾಣಿಸಿರುವುದಿಲ್ಲ, ಇವಳು ಆಗಲೇ ಬೈಕಿಗೆ ಹೊದಿಸಿದ್ದ ಟಾರ್ಪಾಲು ಕಿತ್ತೆಸೆದು, ಚೈನಿಗೆ ಎಣ್ಣೆ ಬಿಟ್ಟು, ಬೆಳಿಗ್ಗೆ ಏಳು ಗಂಟೆಗೆ ಇಡೀ ಬೀದಿ ಏಳುವ ಹಾಗೆ ಎಂಜಿನ್ ಗುಡುಗಿಸುತ್ತಾಳೆ. ವಯಸ್ಸು ನಲವತ್ತೊಂಬತ್ತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಯಾರಾದರೂ ಕೇಳಿದರೆ ಇನ್ನೊಂದು ಸಲ ರೇಸ್ ಮಾಡುತ್ತಾಳೆ. ಭಾವನಿಗೆ ಆ ಬೈಕ್ ಅಂದರೆ ಅಷ್ಟಕ್ಕಷ್ಟೆ. ನನಗಂತೂ ಜೀವ ಕೈಯಲ್ಲಿ. ಆದರೂ ದಿನಾ ಹಿಂದೆ ಕೂರುವವನು ನಾನೇ, ಯಾಕೆಂದರೆ ನಮ್ಮಿಬ್ಬರ ಕೆಲಸವೂ ಒಂದೇ ಕಡೆ.

ಅದು ಹಲ್ಲು ಕಟ್ಟುವ ಲ್ಯಾಬ್. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅಕ್ಕ ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಬೇಯಿಸಿ, ಗಿರಗಿರ ತಿರುಗುವ ಮೋಟಾರಿಗೆ ಹಿಡಿದು ಪಾಲಿಶ್ ಮಾಡುತ್ತಾಳೆ. ನಾನು ಮುಂದಿನ ಮೇಜಿನಲ್ಲಿ ಕೂತು ಫೋನ್ ಎತ್ತುತ್ತೇನೆ, ಡಬ್ಬಿ ಕಟ್ಟುತ್ತೇನೆ, ಬೈಸಿಕೊಳ್ಳುತ್ತೇನೆ.

ಈ ಕೆಲಸದಲ್ಲಿ ಒಂದು ಪೀಡೆಯಿದೆ. ಪ್ಲಾಸ್ಟರಿನಲ್ಲಿ ಗಾಳಿಗುಳ್ಳೆ ಉಳಿದರೆ ಆ ಜಾಗದಲ್ಲಿ ಹಲ್ಲಿನ ಸೆಟ್ಟಿನ ಒಳಮೈಯಲ್ಲಿ ಸಾಸಿವೆಗಿಂತ ಸಣ್ಣದೊಂದು ಪ್ಲಾಸ್ಟಿಕ್ ಕಾಳು ಹುಟ್ಟಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಒಸಡಿಗೆ ಮುಳ್ಳಾಗುತ್ತದೆ. ಬೇರೆಯವರೆಲ್ಲ ಒಳಗೆ ಹತ್ತಿ ಎಳೆದು ನೋಡುತ್ತಾರೆ, ಕಾಳಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಅಕ್ಕನಿಗೆ ಹತ್ತಿ ಮುಟ್ಟುವುದೆಂದರೆ ಅವಮಾನ. ಕಣ್ಣು ಮುಚ್ಚಿ, ಬಲಗೈ ತೋರುಬೆರಳನ್ನು ಒಳಗೆ ಒಂದು ಸುತ್ತು ಆಡಿಸಿ, "ಹೂಂ, ಹೋಗ್ಲಿ" ಅಂದರೆ ಮುಗಿಯಿತು. ಇಪ್ಪತ್ತಾರು ವರ್ಷದಲ್ಲಿ ಆ ಬೆರಳು ದಾಟಿ ಹೋದ ಸೆಟ್ಟು ಚುಚ್ಚುತ್ತದೆಂದು ವಾಪಸ್ ಬಂದದ್ದಿಲ್ಲ. ಇದನ್ನು ಅವಳು ಹೇಳಿಕೊಳ್ಳುವುದಿಲ್ಲ, ನಾನು ಹೇಳುತ್ತೇನೆ, ನನಗೆ ಜಂಬ.

ಈ ವರ್ಷ ವಾಪಸ್ ಬಂತು. ಒಂದು ಸಲವಲ್ಲ, ಎರಡು ಸಲ.

ಆ ವಾರ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಲಿಫ್ಟ್ ಕೆಟ್ಟು ನಾಲ್ಕು ಮಹಡಿ ಹತ್ತಬೇಕಿತ್ತು. ಒಸಡು ಬೇಯಲು ಇಟ್ಟ ಅರ್ಧ ಗಂಟೆಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಮೇಣದ ವಾಸನೆ. ನಮ್ಮ ಯಜಮಾನರು ಐದು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ಇಣುಕಿ "ಆಯ್ತಾ, ಆಯ್ತಾ" ಎಂದು ಪ್ರಾಣ ತಿನ್ನುತ್ತಿದ್ದರು. ಅಕ್ಕ ಮಧ್ಯೆ ಮಧ್ಯೆ ಎದ್ದು ಕಿಟಕಿಗೆ ಹೋಗಿ ಕೆಳಗೆ ನಿಂತಿದ್ದ ಬೈಕ್ ನೋಡಿ ಬಂದು ಮತ್ತೆ ಕೂರುತ್ತಿದ್ದಳು.

ವಾಪಸ್ ಬಂದ ಸೆಟ್ಟು ಒಬ್ಬ ಅಜ್ಜಿಯದು. ಆಕೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಎಲ್ಲಿಗೆ ಬರುತ್ತದೆಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಬಾಯಲ್ಲಿ ಚುಚ್ಚುತ್ತದೆ ಎಂದು ಅವರೇ ಫೋನ್ ಮಾಡಿದರು. ಅಕ್ಕ ಎರಡು ಸಲವೂ ಬೆರಳಾಡಿಸಿ ನೋಡಿದಳು. "ಏನೂ ಇಲ್ವಲ್ಲೋ." ಯಜಮಾನರು ನನ್ನ ಕಡೆ ತಿರುಗಿ, "ಒಸಡು ಊದಿರ್ಬೇಕು, ನಾಲ್ಕು ದಿನ ಅಭ್ಯಾಸ ಮಾಡ್ಕೊಳ್ಳಿ ಅಂತ ಹೇಳಿಬಿಡು" ಎಂದರು. ಹೇಳಿಬಿಟ್ಟೆ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ.

ಆದರೆ ನಾನು ಇನ್ನೊಂದನ್ನು ನೋಡುತ್ತಿದ್ದೆ. ಬೆಳಿಗ್ಗೆ ಬೈಕ್ ಏರುವ ಮುಂಚೆ ಅಕ್ಕ ಬಲಗೈಯನ್ನು ನೀರು ಕೊಡವುವ ಹಾಗೆ ಕೊಡವುತ್ತಿದ್ದಳು. ಜಾಕೆಟ್ಟಿನ ಗುಂಡಿ ಹಾಕಲು ಒದ್ದಾಡುತ್ತಿದ್ದಳು. ಕೇಳಿದರೆ ಚಳಿ ಅನ್ನುತ್ತಿದ್ದಳು. ಚಳಿ ಹೋಗಿ ಹದಿನೈದು ದಿನವಾಗಿತ್ತು. ಕೊನೆಗೆ ಶನಿವಾರ ಬೆಳಿಗ್ಗೆ ನಾನೇ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಬೆಂಚಿನ ಮೇಲೆ ಕಾದಿದ್ದೆ. ಅವಳು ಬಂದು ನಿಂತುಕೊಂಡೇ ಹೇಳಿದಳು.

"ಮಣಿಕಟ್ಟಲ್ಲಿ ನರ ಒತ್ತಿಕೊಂಡಿದೆಯಂತೆ. ಕೈ ಅದುರೋ ಕೆಲಸ ಬಿಡ್ಬೇಕಂತೆ, ಆಪರೇಷನ್ ಮಾಡಿಸ್ಬೇಕಂತೆ. ಇಲ್ಲಾಂದ್ರೆ ಬೆರಳಿಗೆ ಸ್ಪರ್ಶ ವಾಪಸ್ ಬರಲ್ವಂತೆ."

"ಕೈ ಅದುರೋದು ಅಂದ್ರೆ ಪಾಲಿಶ್ ಮೋಟಾರು. ಆಮೇಲೆ ಬೈಕು. ಯಾವುದನ್ನ ಬಿಡ್ತೀಯ?"

"ಡಾಕ್ಟರನ್ನ," ಎಂದು ಹೆಲ್ಮೆಟ್ ಎತ್ತಿಕೊಂಡಳು. "ಹಿಂದೆ ಹತ್ಕೋ. ಆ ಅಜ್ಜಿ ಮನೆಗೇ ಹೋಗಿ ನೋಡ್ಕೊಂಡು ಬರೋಣ."

ಅಜ್ಜಿಯ ಮನೆ ಊರಾಚೆ, ಕಾಲುವೆಯ ಪಕ್ಕದ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ. ಕೊನೆಯ ಸಿಗ್ನಲ್ ದಾಟಿದ್ದೇ ತಡ, ಅಕ್ಕನ ಬೆನ್ನು ಸಡಿಲವಾದದ್ದು ನನಗೆ ಹಿಂದಿನಿಂದಲೇ ಗೊತ್ತಾಯಿತು. ಮರದ ನೆರಳಿನಲ್ಲಿ ತಣ್ಣಗೆ, ಬಿಸಿಲಿಗೆ ಬಂದರೆ ಮೈ ಬೆಚ್ಚಗೆ, ಮತ್ತೆ ನೆರಳು, ಮತ್ತೆ ಬಿಸಿಲು. ಗಾಳಿಗೆ ಹಸಿ ಮಣ್ಣಿನ ವಾಸನೆ. ತಿರುವಿನಲ್ಲಿ ಬೈಕ್ ವಾಲಿದಾಗ ನಾನೂ ವಾಲಿದೆ, ಎಂದೂ ವಾಲದವನು. ಹೆಲ್ಮೆಟ್ಟಿನೊಳಗೆ ಅವಳು ಹಾಡುತ್ತಿದ್ದಳು, ರಾಗವೂ ಇಲ್ಲ, ತಾಳವೂ ಇಲ್ಲ. ಯಜಮಾನರಿಲ್ಲ, ಫೋನಿಲ್ಲ, ಲಿಫ್ಟಿಲ್ಲ. "ಇನ್ನೂ ಸ್ವಲ್ಪ ಜೋರಾಗಿ ಹೋಗಕ್ಕ" ಎಂದು ಕೂಗಿದವನು ನಾನೇ ಎಂದರೆ ಭಾವ ನಂಬುವುದಿಲ್ಲ. ಅಷ್ಟು ಸಂತೋಷವಾಗಿತ್ತು.

ಅಜ್ಜಿ ಬಾಗಿಲು ತೆಗೆದರು. ಲ್ಯಾಬಿನಿಂದ ಬಂದಿದ್ದೇವೆ ಎಂದಳು ಅಕ್ಕ. ಸೆಟ್ಟು ಬಾಯಲ್ಲಿರಲಿಲ್ಲ, ಲೋಟದ ನೀರಿನಲ್ಲಿತ್ತು. ಕೆಳಗಿನ ಒಸಡು ಎಳೆದು ತೋರಿಸಿದರು, ಹುಣ್ಣು ಕೆಂಪಗಿತ್ತು.

"ಮೂವತ್ತು ವರ್ಷ ಮೈಕಿನ ಮುಂದೆ ಕೂತವಳು ಕಣಮ್ಮ ನಾನು," ಎಂದರು. ಹಲ್ಲಿಲ್ಲದ ಮಾತು, ಎರಡೆರಡು ಸಲ ಹೇಳಬೇಕಾಯಿತು. "ಈಗ ಅಂಗಡಿಯಲ್ಲಿ ಸೋಪು ಕೇಳೋಕೆ ಬೆರಳು ತೋರಿಸ್ತೀನಿ. ನಿಮ್ಮ ಲ್ಯಾಬಲ್ಲಿ ಫೋನ್ ಎತ್ತೋನೊಬ್ಬ ನನ್ನ ಒಸಡೇ ಸರಿಯಿಲ್ಲ ಅಂತಾನೆ."

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ.

ಅಕ್ಕ ಸೆಟ್ಟು ಒರೆಸಿ, ಕಣ್ಣು ಮುಚ್ಚಿ ಬೆರಳಾಡಿಸಿದಳು. ಇನ್ನೊಮ್ಮೆ ಆಡಿಸಿದಳು. "ಏನೂ ಸಿಕ್ತಿಲ್ಲ ಅಜ್ಜಿ."

ಅಜ್ಜಿ ಅದನ್ನು ಕಿತ್ತುಕೊಂಡು ತಮ್ಮ ಬೆರಳು ಹಾಕಿದರು. ಎರಡು ಕ್ಷಣವೂ ಬೇಕಾಗಲಿಲ್ಲ. "ಇಲ್ಲಿ."

ಅಜ್ಜಿಯ ಉಗುರಿದ್ದ ಜಾಗದಲ್ಲೇ ಅಕ್ಕ ತನ್ನ ಬೆರಳಿಟ್ಟಳು. ಒತ್ತಿದಳು. ಉಜ್ಜಿದಳು. ಆಮೇಲೆ ನನ್ನ ಕಡೆ ನೋಡದೆ, "ಚೀಲದಲ್ಲಿ ಹತ್ತಿ ಇದೆಯಾ ನೋಡು" ಎಂದಳು. ಎಳೆ ಅಲ್ಲೇ ಸಿಕ್ಕಿಕೊಂಡಿತು.

ಕಿಟಕಿಯ ಬೆಳಕಿನಲ್ಲಿ ನಿಂತು ಚೀಲದಲ್ಲಿದ್ದ ಸಣ್ಣ ಅರದಿಂದ ಕಾಳನ್ನು ಉಜ್ಜಿ ತೆಗೆದಳು, ಮತ್ತೆ ಹತ್ತಿ ಎಳೆದಳು, ಮೂರು ಸಲ. ತೊಳೆದು ಕೊಟ್ಟಾಗ ಹೇಳಿದಳು: "ನಿಮ್ಮ ಒಸಡಿನ ತಪ್ಪಲ್ಲ ಅಜ್ಜಿ. ನನ್ನ ಬೆರಳು ಸತ್ತಿದೆ. ಇಷ್ಟು ಅಂತ ನನಗೂ ಗೊತ್ತಾಗಿರ್ಲಿಲ್ಲ."

"ಫೋನಲ್ಲಿ ಹಾಗಂದೋನು ನಾನೇ ಅಜ್ಜಿ," ಎಂದು ನಾನೂ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಲ್ಲು ಹಾಕಿಕೊಂಡು, "ಧ್ವನಿ ಚೆನ್ನಾಗಿದೆ, ಬುದ್ಧಿ ಇಲ್ಲ" ಎಂದರು. ಒಂದಕ್ಷರ ಮುಕ್ಕಾಗಲಿಲ್ಲ.

ವಾಪಸ್ ಬರುವಾಗ ಅಕ್ಕ ಹಾಡಲಿಲ್ಲ. ಊರೊಳಗೆ ಬಂದೆವು. ಮಾರುಕಟ್ಟೆಯ ಹತ್ತಿರ ಜನ ರಸ್ತೆ ದಾಟುತ್ತಿದ್ದರು, ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಸರಿಯಾಗಿ ನಮ್ಮೆದುರಿಗೆ. ಬೈಕ್ ನಿಧಾನವಾಗಬೇಕಿತ್ತು, ಆಗಲಿಲ್ಲ. ಅಕ್ಕ ಕಾಲಿನಿಂದ ಬ್ರೇಕ್ ತುಳಿದಳು, ಹಿಂದಿನ ಚಕ್ರ ಕಿರುಚಿಕೊಂಡು ಜಾರಿತು. ನಿಂತಾಗ ಆ ಹೆಂಗಸಿನ ಅಂಗೈ ನಮ್ಮ ಹೆಡ್‌ಲೈಟಿನ ಮೇಲಿತ್ತು. ಅವಳು ಬೈದಳು, ಬೈಯಬೇಕಾದದ್ದೇ. ಅಕ್ಕ ತನ್ನ ಬಲಗೈ ನೋಡಿಕೊಳ್ಳುತ್ತಿದ್ದಳು. ಬೆರಳುಗಳು ಬ್ರೇಕಿನ ಹಿಡಿಯ ಮೇಲಿರಲಿಲ್ಲ, ಗಾಳಿಯನ್ನು ಹಿಡಿದಿದ್ದವು.

"ಹಿಡಿದಿದೀನಿ ಅಂತಲೇ ಅಂದ್ಕೊಂಡಿದ್ದೆ ಕಣೋ," ಎಂದಳು.

ಬೈಕನ್ನು ತಳ್ಳಿಕೊಂಡು ಹೋಗಿ ಪರಿಚಯದ ಟೈರ್ ಅಂಗಡಿಯ ಮುಂದೆ ನಿಲ್ಲಿಸಿದಳು. ಕೀಲಿ ತೆಗೆದು ನನ್ನ ಜೇಬಿಗೆ ಹಾಕಿದಳು. "ನಿನ್ನ ಹತ್ರಾನೇ ಇರ್ಲಿ. ನಾನು ಕೇಳಿದ್ರೂ ಕೊಡ್ಬೇಡ." ನನಗೆ ಓಡಿಸಲು ಬರುವುದಿಲ್ಲ, ಅದು ಅವಳಿಗೂ ಗೊತ್ತು. ಬಸ್ ಸ್ಟಾಪಿಗೆ ನಡೆದೆವು.

ಬಸ್ಸಿನಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿದೆ. ಹೆಲ್ಮೆಟ್ ತೊಡೆಯ ಮೇಲಿತ್ತು. "ಸೋಮವಾರ ಆಪರೇಷನ್‌ಗೆ ದಿನ ಕೇಳ್ತೀನಿ," ಎಂದಳು. "ಮೋಟಾರಿಗೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ಯಜಮಾನರಿಗೂ ಹೇಳ್ತೀನಿ."

"ಕೈ ಸರಿಹೋಗುತ್ತಲ್ವಾ?"

"ಹೋಗಬಹುದು ಅಂದ್ರು. ಹೋಗುತ್ತೆ ಅನ್ಲಿಲ್ಲ."

ಮೇಲ್ಸೇತುವೆಯ ಏರಿನಲ್ಲಿ ಬಸ್ಸು ಏದುಸಿರು ಬಿಡತೊಡಗಿತು. ಅಕ್ಕನ ಎಡಪಾದ ತಾನಾಗಿಯೇ ಎದ್ದು, ಬಸ್ಸಿನ ನೆಲದ ಮೇಲೆ ಇಲ್ಲದ ಗೇರನ್ನು ಒಂದು ಸಲ ಕೆಳಗೆ ಒತ್ತಿತು. ಬಸ್ಸು ಕೇಳಲಿಲ್ಲ. ಮತ್ತೆ ಒತ್ತಿತು. "ಗೇರ್ ಇಳಿಸೋ ಪುಣ್ಯಾತ್ಮ," ಎಂದು ಡ್ರೈವರನ ಬೆನ್ನಿಗೆ ಗೊಣಗಿದಳು. ನಮ್ಮಕ್ಕ ಬೇರೆ ಯಾರೋ ಓಡಿಸುವ ಗಾಡಿಯಲ್ಲಿ ಕೂತು ಹೋಗುತ್ತಿರುವುದನ್ನು ನಾನು ನೋಡಿದ್ದು ಅದೇ ಮೊದಲು. ನೋಡಲಾಗದೆ ಆಚೆ ತಿರುಗಿಕೊಂಡೆ.