ಫೋಟೋ ಹೋದ ಮ್ಯಾಲ

ಭಾಲ್ಕಿಯ ಬಟ್ಟಿ ಅಂಗಡ್ಯಾಗ ನನ್ನ ಕೆಲಸ. ಮಗಳನ್ನ ನಮ್ಮ ಓಣಿಯ ಶಿಶುಪಾಲನಾ ಕೇಂದ್ರದಾಗ ಬಿಟ್ಟು ಹೋಗ್ತೇನಿ. ಒಂದಿನ ಮುಂಜಾನಿ ಗಿರಾಕಿಗಿ ಸೀರಿ ತೋರಸೂವಾಗ ಅಲ್ಲಿನ ಆಯಾ ಫೋನ್ ಮಾಡಿದಳು: “ಲಗೂನ ಬಂದು ಕೂಸಿಗಿ ಕರ್ಕೊಂಡು ಹೋಗ್ರಿ.”

ಜ್ವರ ಬಂತೇನೋ ಅಂತ ಎದ್ದು ಬಿದ್ದು ಓಡಿದೆ. ಮಗಳು ಆರಾಮ ಇದ್ಳು.

“ಏನಾಗ್ಯಾದ್ರಿ?”

“ಏನಿಲ್ರಿ. ಕೂಸುಗಳ ಇವತ್ತಿನ ಹಾಜರಿ ಫೋಟೋ ಮ್ಯಾಲಿನ ಆಫೀಸಿನ ಸಾಹೇಬ್ರ ಮೊಬೈಲಿಗಿ ಹೋಯ್ತು. ಇನ್ನ ಕೂಸುಗಳು ಇಲ್ಲಿದ್ದು ಏನು ಮಾಡ್ಬೇಕ್ರಿ?”

ಮೈಯೆಲ್ಲಾ ಉರೀತು. “ಸಂಜಿತನಕ ಕೂಸಿಗಿ ನೋಡ್ಕೊಳ್ಳಲಾಕ ಕೇಂದ್ರ ಮಾಡ್ಯಾರೋ, ಫೋಟೋ ಹೊಡಿಲಾಕೋ?”

“ನನ್ನ ಮ್ಯಾಲ ಯಾಕ ಸಿಟ್ಟಾಗ್ತೀರಿ? ಸಂಜಿ ಫೋಟೋ ಯಾರೂ ಕೇಳಂಗಿಲ್ರಿ.”

ಮಗಳನ್ನ ಬಗಲಾಗ ಹೊತ್ಕೊಂಡು ಅಂಗಡಿಗಿ ಬಂದೆ. ಮಾಲಕ ಮುಖ ಗಂಟು ಹಾಕ್ದ. ಅವನಿಗಿ ಮಾತ್ರ ಫೋಟೋ ನಡಿಯಂಗಿಲ್ಲ, ಅಂಗಡಿ ಮುಚ್ಚೋತನಕ ನಾನೇ ನಿಂತಿರಬೇಕು.