ಆಯುಧಪೂಜೆಗೆ ನಿಂತ ಹಸಿರು ಸೈಕಲ್

ನನ್ನ ಗಂಡ ಡಾಕ್ಟರು. ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದವಳು. ಹೀಗಾಗಿ ಎಂಬತ್ತರ ದಶಕದ ಕೊನೆಯಲ್ಲಿ ಸಿಡ್ನಿಯ ಕನ್ನಡದವರ ಪೈಕಿ, ರೇಷ್ಮೆ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಸತ್ಯನಾರಾಯಣ ಪೂಜೆಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವಳು ನಾನೊಬ್ಬಳೇ. ಒಬ್ಬ ಆಂಟಿ ನನ್ನನ್ನು ಅಡುಗೆಮನೆಗೆ ಕರೆದು, “ಏನಮ್ಮಾ, ಮನೇಲಿ ಎಲ್ಲಾ ಸರಿಯಾಗಿದೆ ತಾನೆ?” ಎಂದು ಮೆಲ್ಲಗೆ ಕೇಳಿದರು. ಚೈನ್ ಸ್ವಲ್ಪ ಸಡಿಲವಾಗಿದೆ, ಮಿಕ್ಕಿದ್ದೆಲ್ಲ ಸರಿಯಾಗಿದೆ ಎಂದೆ.

ಆ ಮೊದಲನೆಯದು ಗಂಡಸರ ಸೈಕಲ್, ಯಾರೋ ಮನೆಯ ಹಳೇ ಸಾಮಾನು ಮಾರುತ್ತಿದ್ದ ಗರಾಜ್ ಸೇಲಿನಲ್ಲಿ ಸಿಕ್ಕಿದ್ದು. ಸಿಡ್ನಿಯ ದಿಬ್ಬಗಳನ್ನು ಅದು ಏರುತ್ತಿರಲಿಲ್ಲ. ನಾನೇ ಅದನ್ನು ಏರಿಸುತ್ತಿದ್ದೆ. ಒಮ್ಮೆ ರೈಲ್ವೆ ಸ್ಟೇಷನ್ ಹತ್ತಿರ ಯಾರೋ ಕದ್ದರು. ಎರಡು ದಿನದ ಮೇಲೆ ನೋಡಿದರೆ ಮುಂದಿನ ದಿಬ್ಬದ ಬುಡದಲ್ಲೇ ಬಿಟ್ಟುಹೋಗಿದ್ದರು. ಕಳ್ಳನ ಮೇಲೆ ಸಿಟ್ಟು ಬರಲಿಲ್ಲ, ಸೋಮಾರಿ ಅನ್ನಿಸಿತು ಅಷ್ಟೆ. ಎರಡನೆಯ ಸೈಕಲ್ಲಿನ ಬ್ರೇಕು ಮಳೆ ಬಂದ ದಿನ ರಜೆ ಹಾಕುತ್ತಿತ್ತು. ಅದನ್ನೂ ಪ್ರೀತಿಸಿದೆ, ಸಿಗ್ನಲ್ಲಿಗೆ ಬಹಳ ಮುಂಚೆಯೇ ಕಾಲು ನೆಲಕ್ಕೆ ಕೊಡುತ್ತಾ.

ಮೂರನೆಯದು ಹಸಿರು ಬಣ್ಣದ್ದು, ತೊಂಬತ್ತರ ದಶಕದಲ್ಲಿ ನಾವು ಮೆಲ್ಬರ್ನ್‌ಗೆ ಬಂದ ಮೇಲೆ ಸಿಕ್ಕಿದ್ದು. ನನಗಿಂತ ಹಿರಿಯಳು. ಮೂರು ಗೇರುಗಳಲ್ಲಿ ಎರಡು ಕೆಲಸ ಮಾಡುತ್ತಿದ್ದವು. ನಾಲ್ಕು ವರ್ಷ ಅದರ ಮೇಲೆಯೇ ಲ್ಯಾಬ್ ಕೆಲಸಕ್ಕೆ ಹೋಗಿ ಬಂದೆ. ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು, ಗಂಡ ಆಸ್ಪತ್ರೆ ಬಿಟ್ಟು ಬರುತ್ತಿರಲಿಲ್ಲ. ದಿನವಿಡೀ ನಾನು ಕನ್ನಡದಲ್ಲಿ ಬೈಯಬಹುದಾಗಿದ್ದುದು ಆ ಸೈಕಲ್ಲನ್ನು ಮಾತ್ರ. ಎದುರುಗಾಳಿಯಲ್ಲಿ “ನಡಿಯೇ ಮುದುಕಿ” ಎಂದರೆ ನಡೆಯುತ್ತಿತ್ತು.

“ಹೊಸದು ತಗೊಳ್ಳೇ, ಒಳ್ಳೇ ಗುಜರಿ ಥರ ಇದೆ” ಎಂದರು ಗಂಡ.

“ನಿಮ್ಮನ್ನ ಬದಲಾಯಿಸಿದೀನಾ?” ಎಂದೆ. ಆಮೇಲೆ ಆ ಮಾತು ಎತ್ತಲಿಲ್ಲ.

ನಾಲ್ಕನೆಯ ವರ್ಷದ ಆಯುಧಪೂಜೆಯ ದಿನ ಮನೆ ಮುಂದಿನ ಡ್ರೈವ್‌ವೇ ತುಂಬ ಗಂಡನ ಕಾರೇ ನಿಂತಿತ್ತು. ಸೈಕಲ್ಲನ್ನು ರಸ್ತೆ ಪಕ್ಕದ ಹುಲ್ಲಿನ ಮೇಲೆ ನಿಲ್ಲಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಿತ್ತಲಿನ ಬಿಳಿ ಡೇಸಿ ಹೂಗಳ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟೆ. ಪೂಜೆಗಿಟ್ಟದ್ದನ್ನು ಮರುದಿನದ ಮಂಗಳಾರತಿಯವರೆಗೆ ಕದಲಿಸಬಾರದು ಎಂಬುದು ನಮ್ಮಮ್ಮನ ಕಟ್ಟಪ್ಪಣೆ. ಕೌನ್ಸಿಲ್‌ನವರು, ಅಂದರೆ ಇಲ್ಲಿಯ ನಗರಸಭೆಯವರು, ಮನೆಗಳ ಹಳೇ ಸಾಮಾನನ್ನು ಲಾರಿಯಲ್ಲಿ ಎತ್ತಿಕೊಂಡು ಹೋಗುವ ವಾರವೂ ಅದೇ ಆಗಿತ್ತು. ಬೀದಿಯುದ್ದಕ್ಕೂ ಹುಲ್ಲಿನ ಮೇಲೆ ಹಾಸಿಗೆ, ಫ್ರಿಜ್ಜು, ಮುರಿದ ಕುರ್ಚಿ. ನೋಡಿದ್ದೆ. ಅವು ಕಸ, ನನ್ನದು ಆಯುಧ. ಅದನ್ನು ಬರೆದು ಅಂಟಿಸಬೇಕೆಂದು ಅನ್ನಿಸಲಿಲ್ಲ.

ಮರುದಿನ ಬೆಳಿಗ್ಗೆ ಆರತಿ ತಟ್ಟೆ ಹಿಡಿದು ಹೊರಗೆ ಬಂದಾಗ ಹುಲ್ಲಿನ ಮೇಲೆ ಎರಡು ಜಜ್ಜಿದ ನಿಂಬೆಹಣ್ಣುಗಳು ಮಾತ್ರ ಇದ್ದವು. ಕೌನ್ಸಿಲ್‌ಗೆ ಫೋನ್ ಮಾಡಿದೆ. ಲಾರಿಯೊಳಗೇ ಎಲ್ಲವೂ ಅಪ್ಪಚ್ಚಿಯಾಗುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಮಧ್ಯಾಹ್ನ ಎದುರು ಮನೆಯ ಆಸ್ಟ್ರೇಲಿಯನ್ ಅಜ್ಜಿ ಕೇಕ್ ಹಿಡಿದು ಬಂದರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಲಾರಿ ಬಂದಾಗ ಅವರು ಕಿಟಕಿಯಲ್ಲೇ ಇದ್ದರಂತೆ. ಈಕೆ ಹಳೇ ಸೈಕಲ್ಲಿಗೆ ಹೂವೆಲ್ಲಾ ಹಾಕಿ ಕಳಿಸಿಕೊಡುತ್ತಿದ್ದಾಳೆ, ಕಣ್ಣಿಂದ ನೋಡಲಾರದೆ ಒಳಗೆ ಕೂತಿರಬೇಕು ಎಂದುಕೊಂಡು, ನನ್ನ ಪರವಾಗಿ ತಾವೇ ಗೇಟಿಗೆ ಬಂದು, ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದರಂತೆ. ಅವರು ಒಂದು ಕೂಗು ಹಾಕಿದ್ದರೆ ಸಾಕಿತ್ತು.

ಹಬ್ಬದ ವಿಷಯ ವಿವರಿಸಲು ಬಾಯಿ ತೆರೆದೆ. ಅಳು ಬಂತು. ಒಂದು ಸೈಕಲ್ಲಿಗಾಗಿ, ಕೇಕ್ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ, ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತೆ. ಅಜ್ಜಿ ನನ್ನ ಬೆನ್ನು ಸವರುತ್ತಾ, ತಮ್ಮ ಗಂಡನಿಗೂ ಅಷ್ಟು ಚೆಂದವಾಗಿ ಹೂ ಹಾಕಿ ಕಳಿಸಲು ಆಗಿರಲಿಲ್ಲ ಎಂದರು. ನಾನು ಏನನ್ನೂ ವಿವರಿಸಲಿಲ್ಲ. ಒಳಗೆ ಬನ್ನಿ, ಟೀ ಮಾಡುತ್ತೇನೆ ಎಂದೆ.